ಕಪ್ಪುಕುಳಿಗಳು ಮತ್ತು ಐನ್‌ಸ್ಟೈನ್ ಆಚೆಯ ಗುರುತ್ವ

ಸಿಂಧನೂರು ತಾಲ್ಲೂಕಿನ ದಢೇಸುಗೂರಿನಲ್ಲಿ ತುಂಗಭದ್ರೆಯ ದಂಡೆಗೆ ನಿಂತರೆ ಹೊಳೆಯಾಚೆ ಕಾಣುವುದು ಸಿರುಗುಪ್ಪದ ಸೀಮೆ, ಅಂದರೆ ದಕ್ಷಿಣ. ಏಪ್ರಿಲ್ ಕೊನೆಯ ವಾರ, ನಸುಕಿನ ನಾಲ್ಕರ ಹೊತ್ತಿಗೆ, ನೀರು ಕಟ್ಟಲು ಎದ್ದ ರೈತನೊಬ್ಬ ಆ ಕಡೆ ತಲೆ ಎತ್ತಿದರೆ ನೆಲಕ್ಕೂ ನೆತ್ತಿಗೂ ಸರಿ ನಡುವೆ ಧನು ರಾಶಿಯ ಚುಕ್ಕೆಗಳು ನಿಂತಿರುತ್ತವೆ. ಹಾಲುಹಾದಿ ಅಲ್ಲೇ ಹೆಚ್ಚು ದಟ್ಟ. ಆ ದಟ್ಟಣೆಯ ಹಿಂದೆ, ಸುಮಾರು 27 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ, ಸುಮಾರು 43 ಲಕ್ಷ ಸೂರ್ಯರ ತೂಕವನ್ನು ಹೊಟ್ಟೆಗೆ ಹಾಕಿಕೊಂಡ ಕಪ್ಪುಕುಳಿಯೊಂದು ಕೂತಿದೆ. ಹೆಸರು ಸ್ಯಾಜಿಟೇರಿಯಸ್ ಎ-ಸ್ಟಾರ್. ಬರಿಗಣ್ಣಿಗಂತೂ ಅದು ಕಾಣದು. 2022ರ ಮೇ 12ರಂದು ಅದರ ನೆರಳಿನ ಚಿತ್ರ ಪ್ರಕಟವಾಯಿತು: ಕೆಂಪು-ಕಿತ್ತಳೆ ಬಣ್ಣದ ಮಸುಕು ಬಳೆ, ನಡುವೆ ಕತ್ತಲು.

ಕಪ್ಪುಕುಳಿ ಎಂದರೆ ಬೆಳಕೂ ಹಿಂದಿರುಗಲಾರದ ಜಾಗ. ಸೂರ್ಯನನ್ನು 3 ಕಿ.ಮೀ. ತ್ರಿಜ್ಯದ ಉಂಡೆಯಾಗುವಂತೆ ಅದುಮಿದರೆ ಅವನೂ ಕಪ್ಪುಕುಳಿಯಾಗುತ್ತಾನೆ. ಭೂಮಿಯನ್ನು ಹಾಗೆ ಮಾಡಬೇಕಾದರೆ ಹುಡುಗರು ಆಡುವ ಗೋಲಿಯಷ್ಟಕ್ಕೆ ಇಳಿಸಬೇಕು. ಹಿಂದಿರುಗಲಾರದ ಆ ಗಡಿಗೆ ಘಟನಾ ದಿಗಂತ ಎಂದು ಹೆಸರು. ಕನ್ನಡದಲ್ಲಿ ಈ ವಸ್ತುವಿಗೆ ಕಪ್ಪುಕುಳಿ, ಕಪ್ಪುರಂಧ್ರ, ಕೃಷ್ಣವಿವರ ಎಂದೆಲ್ಲ ಹೆಸರುಗಳಿವೆ. ಕುಳಿ ಎನ್ನುವುದು ಹೇಳಲು ಸಲೀಸು. ಆದರೆ ಅದು ನೆಲದಲ್ಲಿ ತೋಡಿದ ಗುಂಡಿಯಂತಲ್ಲ, ಎಲ್ಲ ದಿಕ್ಕಿನಿಂದಲೂ ಬೀಳಬಹುದಾದ ಕುಳಿ.

1915ರಲ್ಲಿ ಮಸ್ಕಿಯ ಸುತ್ತಮುತ್ತ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್‌ಗೆ ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರಗಳು ಸಿಕ್ಕವು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಅಲ್ಲಿತ್ತು. ಅದೇ ವರ್ಷದ ನವೆಂಬರಿನಲ್ಲಿ ಬರ್ಲಿನ್‌ನಲ್ಲಿ ಐನ್‌ಸ್ಟೈನ್ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳನ್ನು ಮಂಡಿಸಿದರು. ಎರಡಕ್ಕೂ ಸಂಬಂಧವೇನೂ ಇಲ್ಲ. ವರ್ಷ ನೆನಪಿಟ್ಟುಕೊಳ್ಳಲು ಮಾತ್ರ ಅನುಕೂಲ. ವಾರಗಳೊಳಗೆ, ಮಹಾಯುದ್ಧದ ಸೇನೆಯಲ್ಲಿದ್ದ ಕಾರ್ಲ್ ಶ್ವಾರ್ಜ್‌ಶೀಲ್ಡ್ ಆ ಸಮೀಕರಣಗಳಿಗೆ ಮೊದಲ ನಿಖರ ಉತ್ತರ ಕಂಡುಹಿಡಿದರು. ಮುಂದೆ ಕಪ್ಪುಕುಳಿ ಎಂದು ಹೆಸರಾದದ್ದು ಆ ಉತ್ತರದೊಳಗೇ ಅಡಗಿತ್ತು. 1916ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು.

ಗುರುತ್ವ ಒಂದು ಎಳೆತವಲ್ಲ, ದ್ರವ್ಯದಿಂದ ದೇಶಕಾಲವೇ ಬಾಗುವ ರೀತಿ ಅದು ಎಂಬುದು ಐನ್‌ಸ್ಟೈನ್ ಹೇಳಿದ ಮಾತು. ನೂರು ವರ್ಷ ದಾಟಿದರೂ ಯಾವ ಪ್ರಯೋಗವೂ ಇದನ್ನು ಸುಳ್ಳು ಮಾಡಿಲ್ಲ. ಹಾಗಿದ್ದೂ ಭೌತವಿಜ್ಞಾನಿಗಳು ಇದರಾಚೆಗೆ ಏಕೆ ಇಣುಕುತ್ತಾರೆ? ಕಪ್ಪುಕುಳಿಯ ಒಳಗಡೆ, ನಟ್ಟನಡುವೆ, ಈ ಸಿದ್ಧಾಂತ ತಾನೇ ಕೈಚೆಲ್ಲುತ್ತದೆ: ಸಾಂದ್ರತೆ ಅನಂತ ಎಂಬ ಉತ್ತರ ಕೊಡುತ್ತದೆ. ಅನಂತ ಎಂದರೆ ಲೆಕ್ಕದಲ್ಲಿ ಉತ್ತರವಲ್ಲ, ಲೆಕ್ಕ ಕೆಟ್ಟಿದೆ ಎಂಬ ಸೂಚನೆ. ಪರಮಾಣುಗಳ ಲೋಕವನ್ನು ಆಳುವ ಕ್ವಾಂಟಂ ನಿಯಮಗಳ ಜೊತೆಗೂ ಇದು ಹೊಂದಿಕೊಳ್ಳುವುದಿಲ್ಲ. ಗೆಲಾಕ್ಸಿಗಳ ಅಂಚಿನ ನಕ್ಷತ್ರಗಳು ಕಾಣುವ ದ್ರವ್ಯದ ಲೆಕ್ಕಕ್ಕಿಂತ ಬಹಳ ವೇಗವಾಗಿ ಸುತ್ತುತ್ತವೆ. ವಿಶ್ವದ ಹಿಗ್ಗುವಿಕೆ ನಿಧಾನವಾಗುವ ಬದಲು ಚುರುಕಾಗುತ್ತಿದೆ ಎಂದು 1998ರಲ್ಲಿ ಗೊತ್ತಾಯಿತು. ಇವಕ್ಕೆ ಕಾಣದ ದ್ರವ್ಯ, ಕಾಣದ ಶಕ್ತಿ ಕಾರಣವೆಂದು ಹೇಳಬಹುದು. ಗುರುತ್ವದ ನಿಯಮವನ್ನೇ ತಿದ್ದಬಹುದು ಎನ್ನುವವರೂ ಇದ್ದಾರೆ.

ಇಂಥ ಇಕ್ಕಟ್ಟು ಹಿಂದೆಯೂ ಬಂದಿತ್ತು. ಯುರೇನಸ್ ಗ್ರಹದ ನಡಿಗೆ ನ್ಯೂಟನ್ ಲೆಕ್ಕಕ್ಕೆ ಸರಿಬೀಳದಾಗ, ಕಾಣದ ಗ್ರಹವೊಂದು ಎಳೆಯುತ್ತಿರಬೇಕು ಎಂದರು. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ಕಕ್ಷೆ ಶತಮಾನಕ್ಕೆ 43 ಆರ್ಕ್‌ಸೆಕೆಂಡಿನಷ್ಟು ತಪ್ಪುತ್ತಿದ್ದಾಗಲೂ ಹಾಗೆಯೇ ಹೇಳಿ ವಲ್ಕನ್ ಎಂಬ ಗ್ರಹಕ್ಕಾಗಿ ಹುಡುಕಾಡಿದರು. ಅದು ಸಿಗಲಿಲ್ಲ, ನ್ಯೂಟನ್ ನಿಯಮವೇ ಬದಲಾಗಬೇಕಾಯಿತು. ಒಂದೇ ರೋಗಲಕ್ಷಣಕ್ಕೆ ಒಮ್ಮೆ ಒಂದು ಮದ್ದು, ಇನ್ನೊಮ್ಮೆ ಇನ್ನೊಂದು.

ತಿದ್ದುಪಡಿಗಳ ಸಂತೆಯೇ ಇದೆ. ಕೆಲವನ್ನಷ್ಟೇ ಇಲ್ಲಿ ನೋಡಬಹುದು. 1961ರಲ್ಲಿ ಬ್ರಾನ್ಸ್ ಮತ್ತು ಡಿಕ್ ಗುರುತ್ವದ ಬಲವನ್ನು ನಿರ್ಧರಿಸುವ ಸ್ಥಿರಾಂಕ ನಿಜಕ್ಕೂ ಸ್ಥಿರವಲ್ಲ, ಜಾಗದಿಂದ ಜಾಗಕ್ಕೆ ಬದಲಾಗುವ ಒಂದು ಕ್ಷೇತ್ರ ಎಂದರು. ಶನಿಗ್ರಹದತ್ತ ಹೊರಟಿದ್ದ ಕ್ಯಾಸಿನಿ ನೌಕೆಯ ರೇಡಿಯೊ ಸಂಕೇತ ಸೂರ್ಯನ ಪಕ್ಕದಿಂದ ಹಾದುಬಂದಾಗ ಆದ ತಡವನ್ನು ಅಳೆದು 2003ರಲ್ಲಿ ಪ್ರಕಟಿಸಿದ ಫಲಿತಾಂಶ ಈ ಸಿದ್ಧಾಂತಕ್ಕೆ ಉಳಿಸಿದ ಜಾಗ ತೀರ ಕಿರಿದು. ಐನ್‌ಸ್ಟೈನ್ ಸಮೀಕರಣದಲ್ಲಿ ವಕ್ರತೆ ಸರಳವಾಗಿ ಬರುವಲ್ಲಿ ಅದರ ವರ್ಗ ಮುಂತಾದ ಪದಗಳನ್ನು ಸೇರಿಸುವುದು ಇನ್ನೊಂದು ದಾರಿ; ರಷ್ಯಾದ ಸ್ಟಾರೊಬಿನ್‌ಸ್ಕಿ 1980ರಲ್ಲಿ ವಿಶ್ವದ ಬಾಲ್ಯವನ್ನು ವಿವರಿಸಲು ಹಿಡಿದದ್ದು ಇದನ್ನೇ. 1983ರಲ್ಲಿ ಇಸ್ರೇಲಿನ ಮಿಲ್‌ಗ್ರೋಮ್ ಕಾಣದ ದ್ರವ್ಯವೇ ಬೇಡ, ವೇಗೋತ್ಕರ್ಷ ತೀರ ಕಡಿಮೆ ಇರುವಲ್ಲಿ ನಿಯಮವೇ ಬೇರೆ ಎಂದು ವಾದಿಸಿದರು. ಗುರುತ್ವವನ್ನು ಹೊತ್ತೊಯ್ಯುವ ಕಣಕ್ಕೇ ಅಲ್ಪಸ್ವಲ್ಪ ತೂಕ ಕೊಡುವ ಸಿದ್ಧಾಂತಗಳೂ ಇವೆ. ಕಾಗದದ ಮೇಲೆ ಎಲ್ಲವೂ ಚೆಂದ.

ಯಾವುದು ಗಟ್ಟಿ, ಯಾವುದು ಬಿರುಕು ಬಿಟ್ಟದ್ದು ಎಂದು ಹೇಗೆ ತಿಳಿಯುವುದು? ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರು ಅದನ್ನು ಎಡಗೈಯ ಮೇಲೆ ಕೂಡಿಸಿ ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಟಣ್ ಎಂದರೆ ಒಪ್ಪಿಗೆ. ದಬ್ ಎಂದರೆ ಕೆಳಗಿಟ್ಟು ಮುಂದಿನದಕ್ಕೆ ಕೈ ಹಾಕುತ್ತಾರೆ. ಕಪ್ಪುಕುಳಿಯನ್ನು ಹೀಗೆ ತಟ್ಟಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ.

1938ರ ಮಾರ್ಚ್ 6ರಂದು ಹುಟ್ಟಿದ ವಿಶ್ವೇಶ್ವರ ಕನ್ನಡ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕಕ್ಕೆ ಹೋಗಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಕೈಕೆಳಗೆ ಸಂಶೋಧನೆಗೆ ಕೂತರು. ಆಗ ಕಪ್ಪುಕುಳಿ ಎಂಬ ಹೆಸರೇ ಇನ್ನೂ ಹೊಸದು. ಅಂಥ ವಸ್ತು ನಿಜಕ್ಕೂ ಇದೆಯೇ ಎಂಬ ಅನುಮಾನ ಹಲವರಿಗಿತ್ತು. ಅವರ ಮುಂದಿದ್ದ ಪ್ರಶ್ನೆ ಸರಳ: ಒಂದು ಕಪ್ಪುಕುಳಿಯನ್ನು ಸ್ವಲ್ಪ ಅಲುಗಿಸಿದರೆ ಅದು ಚದುರಿಹೋಗುತ್ತದೆಯೋ, ಮತ್ತೆ ಸ್ವಸ್ಥಾನಕ್ಕೆ ಬರುತ್ತದೆಯೋ? ಚದುರುವುದಾದರೆ ಪ್ರಕೃತಿಯಲ್ಲಿ ಅದನ್ನು ಹುಡುಕುವುದೇ ದಂಡ. ಶ್ವಾರ್ಜ್‌ಶೀಲ್ಡ್ ಕಪ್ಪುಕುಳಿ ಚದುರುವುದಿಲ್ಲ ಎಂದು ಅವರು ಗಣಿತದಿಂದ ತೋರಿಸಿದರು.

ಮುಂದಿನ ಹೆಜ್ಜೆ ಅದಕ್ಕಿಂತ ಸೊಗಸಾದದ್ದು. ಗುರುತ್ವದ ಅಲೆಯ, ಅಂದರೆ ದೇಶಕಾಲದಲ್ಲೇ ಹರಡುವ ಕಂಪನದ, ಪುಟ್ಟ ಗುಚ್ಛವೊಂದನ್ನು ಕಂಪ್ಯೂಟರ್ ಲೆಕ್ಕದಲ್ಲಿ ಕಪ್ಪುಕುಳಿಯ ಮೇಲೆ ಎಸೆದರು. ಅಗಲವಾದ ಗುಚ್ಛ ಎಸೆದಾಗ ವಿಶೇಷವೇನೂ ಕಾಣಲಿಲ್ಲ. ಬಂದ ಅಲೆ ಚದುರಿ ಹೋಯಿತು, ಅಷ್ಟೇ. ಗುಚ್ಛವನ್ನು ಕಿರಿದಾಗಿಸುತ್ತ ಹೋದರು. ಅದರ ಅಗಲ ಕಪ್ಪುಕುಳಿಯ ಗಾತ್ರಕ್ಕೆ ಸಮೀಪಿಸಿದಾಗ ಚದುರಿ ಬಂದ ಅಲೆಯ ಬಾಲದಲ್ಲಿ ಹೊಸ ಆಕಾರವೊಂದು ಮೂಡಿತು: ಒಂದೇ ಶ್ರುತಿಯಲ್ಲಿ ಕಂಪಿಸುತ್ತ, ಬೇಗಬೇಗನೆ ಕುಗ್ಗುತ್ತ ಅಡಗುವ ಅಲೆ. ಎಸೆದ ಗುಚ್ಛ ಎಂಥದೇ ಇರಲಿ, ಮರುದನಿಯ ಶ್ರುತಿ ಕಪ್ಪುಕುಳಿಯ ತೂಕದಿಂದ ಮಾತ್ರ ನಿರ್ಧಾರವಾಗುತ್ತಿತ್ತು. ಈ ಲೇಖನ 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮರುವರ್ಷ ವಿಲಿಯಂ ಪ್ರೆಸ್ ಈ ಕಂಪನಗಳಿಗೆ ಕ್ವಾಸಿ-ನಾರ್ಮಲ್ ಮೋಡ್ ಎಂದು ಹೆಸರಿಟ್ಟರು, 1975ರಲ್ಲಿ ಎಸ್. ಚಂದ್ರಶೇಖರ್ ಮತ್ತು ಡೆಟ್‌ವೈಲರ್ ಅವುಗಳ ಶ್ರುತಿಗಳನ್ನು ಲೆಕ್ಕ ಹಾಕಿ ಪಟ್ಟಿ ಮಾಡಿದರು.

ವಿಶ್ವೇಶ್ವರ ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ, ಮುಂದೆ ಭಾರತೀಯ ಖಭೌತ ಸಂಸ್ಥೆಯಲ್ಲೂ ಕೆಲಸ ಮಾಡಿದರು. 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ತಾರಾಲಯದ ಮೊದಲ ನಿರ್ದೇಶಕರಾದರು. ಶಾಲಾ ಪ್ರವಾಸಕ್ಕೆ ಬಸ್ಸಿನಲ್ಲಿ ಬಂದು ಆ ಗುಮ್ಮಟದ ಕೆಳಗೆ ಕೂತು ಆಕಾಶ ನೋಡಿದ ಕನ್ನಡದ ಮಕ್ಕಳಿಗೆ, ಆ ಪ್ರದರ್ಶನಗಳ ಹಿಂದಿದ್ದವರು ಕಪ್ಪುಕುಳಿಯ ದನಿ ಮೊದಲು ಕೇಳಿದವರು ಎಂಬುದು ಗೊತ್ತಿದ್ದಿರಲಾರದು. ಅವರು ವ್ಯಂಗ್ಯಚಿತ್ರಗಳನ್ನೂ ಬರೆಯುತ್ತಿದ್ದರು. ಕಪ್ಪುಕುಳಿಗಳ ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕದ ಹೆಸರಿನಲ್ಲೇ ಸ್ನಾನದ ತೊಟ್ಟಿಯ ನೊರೆಗುಳ್ಳೆಗಳನ್ನು ತಂದಿದ್ದರು.

ಲೆಕ್ಕದಲ್ಲಿ ಕೇಳಿದ ದನಿ ನಿಜದಲ್ಲಿ ಕೇಳಲು 45 ವರ್ಷ ಹಿಡಿಯಿತು. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆ ಹಿಡಿಯುವ ಅಮೆರಿಕದ ಲೈಗೊ ಯಂತ್ರಗಳೆರಡೂ ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದ ಡಿಕ್ಕಿಯೊಂದನ್ನು ಹಿಡಿದವು. ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಸೇರಿ 62 ಪಟ್ಟಿನದೊಂದು ಆಯಿತು. ಕೂಡಿಸಿದರೆ 65 ಬರಬೇಕಿತ್ತು. ಉಳಿದ 3 ಸೂರ್ಯರು ಗುರುತ್ವದ ಅಲೆಗಳಾಗಿ ಹರಡಿಹೋಗಿದ್ದರು. ಕೊನೆಯಲ್ಲಿ ಹೊಸ ಕಪ್ಪುಕುಳಿ ಸುಮಾರು 250 ಹರ್ಟ್ಸ್ ಶ್ರುತಿಯಲ್ಲಿ ಮಿಡಿಯಿತು, ಹಾರ್ಮೋನಿಯಂನ ನಡು ಸಪ್ತಕದ ಬಿಳಿ ಒಂದರ ಆಸುಪಾಸು. ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು ಹೊತ್ತಿನಲ್ಲೇ ಆ ದನಿ ಕುಗ್ಗತೊಡಗಿತ್ತು. ಗಡಿಗೆಗಿಂತ ಬೇಗ ಅಡಗುವ ದನಿ. 2016ರ ಫೆಬ್ರವರಿ 11ರಂದು ಸುದ್ದಿ ಹೊರಬಂದಾಗ ವಿಶ್ವೇಶ್ವರ ಇದ್ದರು. 2017ರ ಜನವರಿ 16ರಂದು ತೀರಿಕೊಂಡರು.

ಈ ದನಿ ಐನ್‌ಸ್ಟೈನ್ ಆಚೆಯ ಸಿದ್ಧಾಂತಗಳಿಗೆ ಒರೆಗಲ್ಲು ಆಗುವುದು ಹೇಗೆ? ಸಾಪೇಕ್ಷತೆಯ ಪ್ರಕಾರ ಕಪ್ಪುಕುಳಿ ಬೋಳುತಲೆಯದು: ತೂಕ, ತಿರುಗುವಿಕೆ ಮತ್ತು ವಿದ್ಯುದಾವೇಶ ಬಿಟ್ಟರೆ ಇನ್ನಾವ ಗುರುತೂ ಅದಕ್ಕಿಲ್ಲ. ವಿದ್ಯುದಾವೇಶ ಪ್ರಕೃತಿಯಲ್ಲಿ ಉಳಿಯುವುದಿಲ್ಲ. ಹಾಗಾಗಿ ಒಂದು ಸ್ವರ ಕೇಳಿ ತೂಕ, ತಿರುಗುವಿಕೆ ಲೆಕ್ಕ ಹಾಕಿದರೆ ಎರಡನೆಯ ಸ್ವರ ಯಾವುದಿರಬೇಕು ಎಂದು ಮೊದಲೇ ಹೇಳಬಹುದು. ಅದು ತಪ್ಪಿದರೆ ಒಂದೋ ಅದು ಕಪ್ಪುಕುಳಿಯಲ್ಲ, ಇಲ್ಲವೇ ಗುರುತ್ವದ ನಿಯಮ ಬೇರೆ.

ಹೆಸರಘಟ್ಟದ ಕಡೆಯ ಶಿವಕೋಟೆಯಲ್ಲಿರುವ ಐಸಿಟಿಎಸ್ (ಸೈದ್ಧಾಂತಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರ) ಸಂಸ್ಥೆಯ ಪಿ. ಅಜಿತ್ ಮತ್ತು ಅವರ ಸಂಗಡಿಗರು ಇದೇ ಜಾಡಿನ ಇನ್ನೊಂದು ಪರೀಕ್ಷೆ ರೂಪಿಸಿದರು. ಡಿಕ್ಕಿಗೆ ಮೊದಲಿನ ಅಲೆಯಿಂದ, ಹುಟ್ಟಲಿರುವ ಕಪ್ಪುಕುಳಿಯ ತೂಕ-ತಿರುಗುವಿಕೆ ಎಷ್ಟು ಎಂದು ಲೆಕ್ಕ ಹಾಕಬೇಕು, ಡಿಕ್ಕಿಯ ನಂತರದ ಅಲೆಯಿಂದ ಅದನ್ನೇ ಬೇರೆಯಾಗಿ ಲೆಕ್ಕ ಹಾಕಬೇಕು, ಎರಡೂ ತಾಳೆಯಾಗಬೇಕು. ಮೊದಲ ಅಲೆಯ ಮೇಲೆಯೇ ಈ ಪರೀಕ್ಷೆ ನಡೆಯಿತು, ತಾಳೆಯಾಯಿತು. ಇದಕ್ಕೂ ಹಿಂದೆ ರಾಮನ್ ಸಂಸ್ಥೆಯಲ್ಲಿ ಬಾಲಾ ಅಯ್ಯರ್ ಫ್ರೆಂಚ್ ಮತ್ತು ಅಮೆರಿಕನ್ ಸಹಲೇಖಕರ ಜೊತೆ, ಡಿಕ್ಕಿಗೆ ಮುನ್ನ ಸುತ್ತುವ ಜೋಡಿಗಳಿಂದ ಹೊರಡುವ ಅಲೆಗಳ ಸೂತ್ರಗಳನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿದ್ದರು. 1995ರ ಅವರ ಫಲಿತಾಂಶ ಈ ಕ್ಷೇತ್ರದ ಅಡಿಗಲ್ಲುಗಳಲ್ಲೊಂದು. ಆ ಸೂತ್ರದ ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಪರೀಕ್ಷೆಗೊಡ್ಡುವ ವಿಧಾನವನ್ನು ಅಯ್ಯರ್, ಅವರ ಶಿಷ್ಯ ಕೆ. ಜಿ. ಅರುಣ್, ಎಂ. ಎಸ್. ಎಸ್. ಕುಸೈಲಾ ಮತ್ತು ಬಿ. ಎಸ್. ಸತ್ಯಪ್ರಕಾಶ್ 2006ರಲ್ಲಿ ಮುಂದಿಟ್ಟರು. ಸತ್ಯಪ್ರಕಾಶ್ ಹೆಸರಿನ ‘ಬಿ’ ಎಂದರೆ ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿ ಬ್ರಿಟನ್‌ಗೆ, ಮುಂದೆ ಅಮೆರಿಕಕ್ಕೆ ಹೋದವರು.

ಗುರುತ್ವದ ನಿಯಮವನ್ನು ಕರ್ನಾಟಕದ ನೆಲದಲ್ಲೇ, ಕೈಯಾರೆ ಪರೀಕ್ಷಿಸಿದ ಸಂಗತಿ ಇದಕ್ಕಿಂತ ಹಳೆಯದು, ಆದರೆ ಹೆಚ್ಚು ಜನಕ್ಕೆ ತಿಳಿಯದು. 1986ರ ಜನವರಿಯಲ್ಲಿ ಅಮೆರಿಕದ ಎಫ್ರಾಯಿಮ್ ಫಿಶ್‌ಬಾಕ್ ಮತ್ತು ಸಂಗಡಿಗರು ಹಳೆಯ ಪ್ರಯೋಗವೊಂದರ ಅಂಕಿಗಳನ್ನು ಮತ್ತೆ ಜಾಲಿಸಿ, ಪ್ರಕೃತಿಯಲ್ಲಿ ಐದನೆಯ ಬಲವೊಂದು ಇರಬಹುದು ಎಂದರು. ಸುಮಾರು 200 ಮೀಟರ್ ಆಸುಪಾಸಿನಲ್ಲಿ ಮಾತ್ರ ಕೆಲಸ ಮಾಡುವ, ವಸ್ತು ಯಾವ ಪದಾರ್ಥದ್ದು ಎಂಬುದರ ಮೇಲೆ ಬದಲಾಗುವ ಬಲ. ಇದು ನಿಜವಾದರೆ ಎಲ್ಲ ವಸ್ತುವೂ ಒಂದೇ ರೀತಿ ಬೀಳುತ್ತದೆ ಎಂಬ, ಐನ್‌ಸ್ಟೈನ್ ಸಿದ್ಧಾಂತದ ಬುನಾದಿಯೇ ಅಲುಗುತ್ತಿತ್ತು.

ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಮಾನಾಥ ಕೌಶಿಕ್, ಎನ್. ಕೃಷ್ಣನ್, ಎಸ್. ಎನ್. ಟಂಡನ್, ಸಿ. ಎಸ್. ಉನ್ನಿಕೃಷ್ಣನ್ ಗದ್ದಲಕ್ಕೆ ಸೇರದೆ ಗೌರಿಬಿದನೂರಿನಲ್ಲಿ ನೆಲದಡಿಯ ಪ್ರಯೋಗಶಾಲೆಗೆ ಇಳಿದರು. ಕೌಶಿಕ್ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದಿದವರು. ಉಪಕರಣದ ತತ್ವ ಸರಳ: ಬೇರೆ ಬೇರೆ ಲೋಹದ ತುಂಡುಗಳಿಂದಾದ ತೂಗುಬಟ್ಟನ್ನು ಸಪೂರ ತಂತಿಗೆ ನೇತುಹಾಕಿ, ಪಕ್ಕದಲ್ಲಿ ಭಾರವಾದ ದ್ರವ್ಯವಿಟ್ಟು, ಬಟ್ಟು ಕೂದಲೆಳೆಯಷ್ಟಾದರೂ ಒಂದು ಕಡೆ ತಿರುಚಿಕೊಳ್ಳುತ್ತದೆಯೇ ಎಂದು ಕಾಯುವುದು. ನೆಲದಡಿಗೆ ಹೋದದ್ದು ಏಕೆಂದರೆ ಮೇಲೆ ಲಾರಿ ಹೋದರೂ ತಂತಿ ನಡುಗುತ್ತದೆ, ಬಿಸಿಲು ಏರಿದರೆ ತಂತಿ ಹಿಗ್ಗುತ್ತದೆ. 1988ರಲ್ಲಿ ಮತ್ತು 1990ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಐದನೆಯ ಬಲದ ಸುಳಿವು ಇರಲಿಲ್ಲ. ಬೇರೆ ದೇಶಗಳ ಪ್ರಯೋಗಗಳೂ ಅದನ್ನೇ ಹೇಳಿದವು. ‘ಸಿಗಲಿಲ್ಲ’ ಎಂಬ ಸುದ್ದಿಗೆ ಪತ್ರಿಕೆಗಳಲ್ಲಿ ಅಷ್ಟು ಜಾಗ ಸಿಗುವುದಿಲ್ಲ. ವಿಜ್ಞಾನದ ಅರ್ಧ ಬೆಲೆ ಇರುವುದು ಮಾತ್ರ ಅಂಥ ಸುದ್ದಿಗಳಲ್ಲೇ.

‘ಸಿಗಲಿಲ್ಲ’ದ ಇನ್ನೂ ದೊಡ್ಡ ಕಥೆ 2017ರ ಆಗಸ್ಟ್ 17ರದು, ಮತ್ತು ಅದಕ್ಕೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ನಂಟಿದೆ. ಆ ದಿನ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದ ಅಲೆ ಭೂಮಿ ಮುಟ್ಟಿತು. 1.7 ಸೆಕೆಂಡಿನ ನಂತರ ಅದೇ ಡಿಕ್ಕಿಯ ಗಾಮಾ ಕಿರಣ ಬಂತು. ಎರಡೂ ಹೊರಟದ್ದು ಸುಮಾರು 13 ಕೋಟಿ ವರ್ಷ ಹಿಂದೆ. ಅಷ್ಟು ದೂರದ ಓಟದಲ್ಲಿ ಎರಡು ಸೆಕೆಂಡಿನೊಳಗಿನ ಅಂತರ ಎಂದರೆ ಗುರುತ್ವದ ಅಲೆಯೂ ಬೆಳಕೂ ಒಂದೇ ವೇಗದವು, ಕೋಟಿಕೋಟಿಯಲ್ಲಿ ಒಂದಂಶದ ಹೆಚ್ಚುಕಡಿಮೆಯೂ ಇಲ್ಲ. ಕಾಣದ ಶಕ್ತಿಯನ್ನು ವಿವರಿಸಲು ಹೂಡಿದ್ದ ಎಷ್ಟೋ ಗುರುತ್ವ ಸಿದ್ಧಾಂತಗಳು ಈ ಎರಡು ವೇಗ ಬೇರೆ ಎಂದಿದ್ದವು. ಅವುಗಳಿಗೆ ಅಂದೇ ಕೊನೆಯಾಯಿತು. ಮಿಲ್‌ಗ್ರೋಮ್ ವಿಚಾರಕ್ಕೆ ಬೆಕನ್‌ಸ್ಟೈನ್ 2004ರಲ್ಲಿ ಕೊಟ್ಟಿದ್ದ ಸಾಪೇಕ್ಷತೆಯ ರೂಪವೂ ಇದ್ದ ಹಾಗೆ ಉಳಿಯಲಿಲ್ಲ. ಹಟ್ಟಿಯ ನಂಟೆಂದರೆ ಚಿನ್ನ. ಆ ಡಿಕ್ಕಿಯ ಬೂದಿಯಲ್ಲಿ ಭಾರವಾದ ಧಾತುಗಳು ಹುಟ್ಟಿದ ಗುರುತು ದೂರದರ್ಶಕಗಳಿಗೆ ಸಿಕ್ಕಿತು. ಸುಮಾರು 250 ಕೋಟಿ ವರ್ಷ ಹಳೆಯ ಶಿಲೆಗಳಿಂದ ಹಟ್ಟಿಯ ಗಣಿ ಕಾರ್ಮಿಕರು ಮೇಲೆತ್ತುವ ಚಿನ್ನದ ಪರಮಾಣುಗಳಲ್ಲಿ ಒಂದು ಪಾಲು, ಭೂಮಿ ಹುಟ್ಟುವ ಮೊದಲೇ ಇಂಥ ಡಿಕ್ಕಿಗಳಲ್ಲಿ ತಯಾರಾದದ್ದು.

ಹಾಗಾದರೆ ಉಳಿದಿರುವುದೇನು? ಕಪ್ಪುಕುಳಿಗಳೇ ಕೆಲವೊಮ್ಮೆ ಗುಟ್ಟು ಬಿಟ್ಟುಕೊಡುವುದಿಲ್ಲ. ಬ್ರಾನ್ಸ್-ಡಿಕ್ ಸಿದ್ಧಾಂತದಲ್ಲೂ ನೆಲೆನಿಂತ ಕಪ್ಪುಕುಳಿ ಐನ್‌ಸ್ಟೈನ್ ಸಿದ್ಧಾಂತದ ಕಪ್ಪುಕುಳಿಯಂತೆಯೇ ಇರುತ್ತದೆ ಎಂದು ಹಾಕಿಂಗ್ 1972ರಲ್ಲಿ ತೋರಿಸಿದ್ದರು. ಬಿರುಕಿದ್ದರೂ ಟಣ್ ಎನ್ನುವ ಗಡಿಗೆ! ವಕ್ರತೆಯ ವರ್ಗದ ಪದಗಳಿಗೆ ಹೊಸ ಕ್ಷೇತ್ರವೊಂದನ್ನು ಜೋಡಿಸಿದ ಸಿದ್ಧಾಂತಗಳಲ್ಲಿ ಮಾತ್ರ ಕಪ್ಪುಕುಳಿಯ ಬೋಳುತಲೆಗೆ ಕೂದಲು ಬರುತ್ತದೆ. ಅವುಗಳಿಗೆ ಮಿತಿ ಹಾಕುವ ಕೆಲಸ ಈಗ ಚುರುಕಾಗಿ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬನಿಬ್ರತ ಮುಖ್ಯೋಪಾಧ್ಯಾಯ ಮತ್ತು ಉಪಾಸನಾ ದಾಸ್ 2015ರಲ್ಲಿ ತಿದ್ದಿದ ಗುರುತ್ವವನ್ನು ಶ್ವೇತಕುಬ್ಜ ನಕ್ಷತ್ರಗಳಿಗೆ ಹಚ್ಚಿದರು. ಅಂಥ ನಕ್ಷತ್ರ ತಾಳಬಲ್ಲ ಗರಿಷ್ಠ ತೂಕವಾದ, ಸೂರ್ಯನ 1.4 ಪಟ್ಟಿನ ಚಂದ್ರಶೇಖರ್ ಮಿತಿ ಮುಟ್ಟುವ ಮೊದಲೇ ಸಿಡಿದಂತೆ ಕಾಣುವ ಮಂಕು ಸೂಪರ್‌ನೋವಾಗಳನ್ನೂ, ಮಿತಿ ಮೀರಿ ಸಿಡಿದಂಥ ಪ್ರಖರ ಸೂಪರ್‌ನೋವಾಗಳನ್ನೂ ಒಂದೇ ತಿದ್ದುಪಡಿ ವಿವರಿಸಬಲ್ಲದು ಎಂಬುದು ಅವರ ವಾದ. ಎಲ್ಲರೂ ಒಪ್ಪಿಲ್ಲ, ಆದರೆ ಗುರುತ್ವವನ್ನು ಕಪ್ಪುಕುಳಿಯ ಹೊರಗೂ ಪರೀಕ್ಷಿಸಬಹುದೆಂಬ ದಾರಿ ಅದು.

ಕಪ್ಪುಕುಳಿಯ ಮರುದನಿಯೂ ಬೇರೆಡೆ ಕೇಳಬಲ್ಲದು. ವಿಶ್ವೇಶ್ವರರ ಮಗಳು, ಇಲಿನಾಯ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಸ್ಮಿತಾ ವಿಶ್ವೇಶ್ವರ, ಸಹೋದ್ಯೋಗಿಗಳ ಜೊತೆ 2019ರಲ್ಲಿ ಇನ್ನೊಂದು ಸೋಜಿಗ ತೋರಿಸಿದರು. ಬಲವಾದ ಕಾಂತಕ್ಷೇತ್ರದಲ್ಲಿ ತೆಳುಪದರದೊಳಗೆ ಓಡಾಡುವ ಎಲೆಕ್ಟ್ರಾನ್‌ಗಳ ಗಣಿತದಲ್ಲೂ ಅಪ್ಪ ಕಂಡ ಅದೇ ಕುಗ್ಗುವ ಮರುದನಿ ಇದೆ.

2025ರ ಜನವರಿ 14ರಂದು ಲೈಗೊ ಅಲ್ಲಿಯವರೆಗಿನ ಅತಿ ಸ್ಪಷ್ಟ ಅಲೆಯನ್ನು ಹಿಡಿಯಿತು. ಮೊದಲ ಅಲೆಯಲ್ಲಿ ಗದ್ದಲದ ನಡುವೆ ಅರೆಬರೆ ಕೇಳಿದ್ದ ಮರುದನಿಯಲ್ಲಿ ಈ ಸಲ ಒಂದಕ್ಕಿಂತ ಹೆಚ್ಚು ಸ್ವರಗಳನ್ನು ಬೇರ್ಪಡಿಸಲು ಆಯಿತು, ಮತ್ತು ಅವು ತಿರುಗುವ ಕಪ್ಪುಕುಳಿಗೆ ಸಾಪೇಕ್ಷತೆ ಹೇಳಿದ ಶ್ರುತಿಗೇ ಹೊಂದಿದವು. ಡಿಕ್ಕಿಗೆ ಮೊದಲು ಎರಡೂ ದಿಗಂತಗಳ ಒಟ್ಟು ಮೇಲ್ಮೈ ಸುಮಾರು 2.4 ಲಕ್ಷ ಚದರ ಕಿ.ಮೀ., ನಂತರ ಸುಮಾರು 4 ಲಕ್ಷ. ಎರಡು ಕರ್ನಾಟಕದಷ್ಟು. ಕಪ್ಪುಕುಳಿಯ ಮೇಲ್ಮೈ ಎಂದೂ ಕುಗ್ಗದು ಎಂಬ ಹಾಕಿಂಗ್ ನಿಯಮಕ್ಕೆ ಇದು ಸಿಕ್ಕ ಗಟ್ಟಿ ಸಾಕ್ಷಿ.

ಒಂದು ಪರೀಕ್ಷೆ ಮಾತ್ರ ಇನ್ನೂ ಅರ್ಧಕ್ಕೇ ನಿಂತಿದೆ. ಐನ್‌ಸ್ಟೈನ್ ಪ್ರಕಾರ ಗುರುತ್ವದ ಅಲೆ ಹಾದುಹೋಗುವಾಗ ದೇಶಕಾಲ ಎರಡೇ ಬಗೆಯಲ್ಲಿ ಹಿಗ್ಗಿ ಕುಗ್ಗಬಹುದು. ಬೇರೆ ಸಿದ್ಧಾಂತಗಳಲ್ಲಿ ಆರು ಬಗೆಯವರೆಗೂ ಅವಕಾಶವಿದೆ. ಅಮೆರಿಕದ ಎರಡು ಲೈಗೊ ಯಂತ್ರಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿರುವುದರಿಂದ ಈ ಬಗೆಗಳನ್ನು ಬಿಡಿಸಿ ನೋಡಲು ಅವೆರಡೇ ಸಾಲವು. ದೂರದಲ್ಲಿ, ಬೇರೆ ಓರೆಯಲ್ಲಿ ನಿಂತ ಇನ್ನಷ್ಟು ಯಂತ್ರಗಳು ಬೇಕು. ಅಂಥದೊಂದಕ್ಕೆ, 4 ಕಿ.ಮೀ. ಉದ್ದದ ಎರಡು ತೋಳುಗಳ ಲೈಗೊ-ಇಂಡಿಯಾಗೆ, ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಸುಮಾರು 2,600 ಕೋಟಿ ರೂಪಾಯಿಯ ಮಂಜೂರಾತಿ ಕೊಟ್ಟಿತು. ಅದಕ್ಕೆ ಆರಿಸಿದ ಜಾಗ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥ. 1956ರವರೆಗೆ ಆ ಊರೂ ಮಸ್ಕಿ, ಸಿಂಧನೂರುಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಸಿಂಧನೂರಿನಿಂದ ಅದು ಹೆಚ್ಚುಕಡಿಮೆ ನೇರ ಉತ್ತರಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 420 ಕಿ.ಮೀ.